ಕೋಡಿಗೆ ಹಾರೆ ಹಾಕಿದ ಪಂಚಮಿ

ಈ ಸಲದ ನಾಗರಪಂಚಮಿಗೆ ರೆಸಾರ್ಟಿನ ಗೇಟಿನಲ್ಲಿ ಹೊಸ ಕಾವಲುಗಾರ ನಿಂತಿದ್ದ. ನಾವು ಪಾಳ್ಯದ ಹೆಂಗಸರು ಒಂದು ದಂಡೇ ಹೋಗಿದ್ದೆವು. ಕೈಯಲ್ಲಿ ಹಾಲಿನ ತಂಬಿಗೆ, ಬುಟ್ಟಿಯಲ್ಲಿ ಚಿಗಳಿ, ತಂಬಿಟ್ಟು, ನೆನೆಸಿದ ಕಡಲೆಕಾಳು, ಹತ್ತಿಯ ಗೆಜ್ಜೆವಸ್ತ್ರ. ಎಲ್ಲರನ್ನೂ ಒಳಗೆ ಬಿಟ್ಟವನು ನನ್ನನ್ನು ಕಂಡು ಕೈ ಅಡ್ಡ ಹಿಡಿದ. ನನ್ನ ಹೆಗಲ ಮೇಲೆ ಹಾರೆ ಇತ್ತು.

"ಇದ್ಯಾಕಮ್ಮ ಪೂಜೆಗೆ?" ಎಂದ.

ಬಾಯಿ ತೆರೆಯುವಷ್ಟರಲ್ಲಿ ಮುಂದೆ ಹೋಗುತ್ತಿದ್ದವಳ ತಂಬಿಗೆ ತುಳುಕಿ ಹಾಲು ನೆನೆದ ಕೆಮ್ಮಣ್ಣಿಗೆ ಬಿತ್ತು. ಹಸಿಹಾಲು, ಅರಿಶಿನ, ಒದ್ದೆ ಮಣ್ಣು ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೆಲವು ವರ್ಷದ ಹಿಂದಿನ ಆ ಮಳೆಗಾಲಕ್ಕೆ ಹೋಗಿಬಿಟ್ಟೆ. ಅದೇ ಹಳೇ ಸಿಟ್ಟು ಎದ್ದಿತು. ಆ ಸಿಟ್ಟೆಂದರೆ ನನಗೆ ಇಷ್ಟ. ಅದು ಇಲ್ಲದೇ ಹೋಗಿದ್ದರೆ ಇವತ್ತು ನಮ್ಮ ಪಾಳ್ಯದ ತಗ್ಗಿನ ಸಾಲಿನಲ್ಲಿ ಮನೆಗಳು ಇರುತ್ತಿದ್ದವೋ ಇಲ್ಲವೋ.

ನಾನು ಪಾಳ್ಯದ ಅಂಗನವಾಡಿ ಟೀಚರ್. ಹೆಸರು ಜಯಮ್ಮ. ಎದುರಿಗೆ ಎಲ್ಲರೂ ಜಯಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಬಾಯಿಬಡುಕಿ ಎನ್ನುತ್ತಾರೆ. ಎರಡಕ್ಕೂ ನನ್ನ ತಕರಾರಿಲ್ಲ. ನೆಲಮಂಗಲ ದಾಟಿ ತುಮಕೂರು ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ನಮ್ಮ ಪಾಳ್ಯ. ಗಂಡಸರಲ್ಲಿ ಮುಕ್ಕಾಲು ಪಾಲು ಬೆಳಗಾಗುತ್ತಲೇ ಸೋಂಪುರದ ಫ್ಯಾಕ್ಟರಿಗಳಿಗೆ ಹೋಗುತ್ತಾರೆ. ಹಗಲು ಹೊತ್ತು ಊರೆಂದರೆ ಹೆಂಗಸರು, ಮುದುಕರು, ಮಕ್ಕಳು, ನಾಯಿಗಳು. ಊರಿನ ಮೇಲುಗಡೆ ಮಾರಮ್ಮನ ಗುಡಿ, ಕೆಳಗಡೆ ತಗ್ಗಿನ ಸಾಲು, ಅದರ ಬೆನ್ನಿಗೆ ಕಟ್ಟೆಯ ಏರಿ. ಅಂಗನವಾಡಿ ಕಟ್ಟಲು ಜಾಗ ಹುಡುಕಿದಾಗ ಯಾರಿಗೂ ಬೇಡದ ಜಾಗವೆಂದರೆ ಏರಿಯ ಬುಡ ಒಂದೇ ಆಗಿತ್ತು. ಹಾಗಾಗಿ ಅದು ಮಕ್ಕಳಿಗೆ ಸಿಕ್ಕಿತು. ಬೇಡದ್ದೆಲ್ಲ ಮಕ್ಕಳಿಗೆ ಕೊಡುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ.

ಆ ಏರಿ, ಅದರ ಹಿಂದಿನ ಕಟ್ಟೆ, ಸುತ್ತಲಿನ ಹೊಲ ಎಲ್ಲ ನಮ್ಮ ಯಜಮಾನರ ಚಿಕ್ಕಪ್ಪನ ಮಗ ಉಮೇಶನದು. ಅವರ ತಾತ ದನಗಳಿಗೆ ನೀರಾಗಲಿ ಎಂದು ಹಳ್ಳಕ್ಕೆ ಅಡ್ಡ ಮಣ್ಣು ಹಾಕಿ ಕಟ್ಟಿಸಿದ್ದ ಕಟ್ಟೆ. ಬೇಸಿಗೆಯಲ್ಲಿ ಎಮ್ಮೆ ಮುಳುಗುವಷ್ಟು ನೀರು, ಮಳೆಗಾಲದಲ್ಲಿ ತುಂಬಿದರೆ ಪಕ್ಕದ ಬಂಡೆಯ ಮೇಲಿನ ಕೋಡಿಯಲ್ಲಿ ಹೆಚ್ಚಿನ ನೀರು ಹರಿದು ತೆಂಗಿನ ತೋಟದ ಹಿಂದಿನ ಹಳ್ಳ ಸೇರುತ್ತಿತ್ತು. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ.

ಕೊರೋನಾ ಕಳೆದು ಬೆಂಗಳೂರಿನ ಜನ ಹಗ್ಗ ಬಿಚ್ಚಿದ ಕರುಗಳ ಹಾಗೆ ಹೊರಗೆ ಓಡತೊಡಗಿದಾಗ ಉಮೇಶನಿಗೆ ರೆಸಾರ್ಟಿನ ಯೋಚನೆ ಬಂತು. ಜೆಸಿಬಿ ತರಿಸಿ ಏರಿಯನ್ನು ಒಂದಾಳು ಎತ್ತರಿಸಿದ. ನೀರು ಬಿಡುವ ಹಳೇ ತೂಬು ಆ ಮಣ್ಣಿನಡಿ ಹೂತುಹೋಯಿತು. ಏರಿಯ ಮೇಲೆ ಆಳೆತ್ತರ ಮೀರಿದ ಒಂದು ಹುತ್ತವಿತ್ತು, ನಮ್ಮತ್ತೆಯ ಅತ್ತೆಯ ಕಾಲದಿಂದಲೂ ಪಾಳ್ಯದ ಹೆಂಗಸರು ಪಂಚಮಿಗೆ ಹಾಲಿನ ತನಿ ಎರೆಯುತ್ತಿದ್ದ ಹುತ್ತ. ಜೆಸಿಬಿಯವನು ಅದನ್ನು ಕಂಡವನೇ ಗಾಡಿ ನಿಲ್ಲಿಸಿ, ಕೆಳಗಿಳಿದು, ಚಪ್ಪಲಿ ಬಿಟ್ಟು ಕೈಮುಗಿದ. ಮುಟ್ಟಲಾರೆ ಎಂದ. ಅವನಿಗೆ ಮೂರು ಹೆಣ್ಣುಮಕ್ಕಳಂತೆ. ಉಮೇಶನೂ ಮುಟ್ಟು ಎನ್ನಲಿಲ್ಲ. ಹುತ್ತವನ್ನು ಇದ್ದ ಹಾಗೇ ಬಿಟ್ಟು ಅದರ ಸುತ್ತ ಮಣ್ಣು ಸುರಿದು ಏರಿ ಎಬ್ಬಿಸಿದರು. ಊರೆಲ್ಲ ಉಮೇಶನನ್ನು ಹೊಗಳಿತು, ದುಡ್ಡು ಬಂದರೂ ದೇವರ ಭಯ ಇದೆ ಹುಡುಗನಿಗೆ ಎಂದು. ಹುತ್ತವೆಂದರೆ ಒಳಗೆಲ್ಲ ಸುರಂಗ ಅನ್ನುವುದು ಮೂರು ವರ್ಷದ ಮಗುವಿಗೂ ಗೊತ್ತು. ನೀರು ತಡೆಯುವ ಮಣ್ಣಿನ ಗೋಡೆಯೊಳಗೆ ಸುರಂಗವನ್ನು ನಾವೇ ಕೈಮುಗಿದು ಇಟ್ಟುಕೊಳ್ಳುತ್ತಿದ್ದೇವೆ ಅನ್ನುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಬಾತುಕೋಳಿ ಆಕಾರದ ಪೆಡಲ್ ದೋಣಿಗಳು ಬಂದವು. ಅವುಗಳ ತಳ ನೆಲಕ್ಕೆ ತಾಗುತ್ತದೆ, ಇನ್ನಷ್ಟು ನೀರು ನಿಲ್ಲಬೇಕು ಎಂದು ಉಮೇಶ ಕೋಡಿಯ ಮೇಲೆ ಸೊಂಟದೆತ್ತರ ಸಿಮೆಂಟ್ ಇಟ್ಟಿಗೆಯ ಗೋಡೆ ಕಟ್ಟಿಸಿದ. ನೀಲಿ ಬಣ್ಣ ಹೊಡೆಸಿ ಮೀನಿನ ಚಿತ್ರ ಬರೆಸಿದ. ಹೆಚ್ಚಿನ ನೀರು ಹೊರಗೆ ಹೋಗುವ ಒಂದೇ ಒಂದು ಬಾಯಿ, ಅದಕ್ಕೂ ಬಟ್ಟೆ ತುರುಕಿದ ಹಾಗಾಯಿತು.

ಆ ವರ್ಷ ಆಷಾಢದಲ್ಲೇ ಮಳೆ ಹಿಡಿಯಿತು. ಕಟ್ಟೆ ತುಂಬಿ ತುಳುಕಿತು. ನಮ್ಮ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು, ಪಾಳ್ಯದ ಅರ್ಧ ಹೆಂಗಸರಿಗೆ ರೆಸಾರ್ಟಿನ ಅಡಿಗೆಮನೆಯಲ್ಲಿ, ಕೋಣೆ ಗುಡಿಸುವುದರಲ್ಲಿ ಕೆಲಸ ಸಿಕ್ಕಿತು. ಅದರ ಮೇಲೆ ಇನ್ನೊಂದು ಸುದ್ದಿ ಹಬ್ಬಿತು, ಏರಿಯ ನಾಗಪ್ಪ ಹಾಲು ಕುಡಿಯುತ್ತಾನೆ ಅಂತ. ಮೊದಲೆಲ್ಲ ಒಂದು ತಂಬಿಗೆ ಎರೆದರೆ ಹುತ್ತದ ಬಾಯಲ್ಲಿ ಹಾಲು ನಿಂತು ಹೊರಗೆ ಹರಿಯುತ್ತಿತ್ತು. ಈಗ ಎಷ್ಟು ಎರೆದರೂ ಗಟಗಟ ಒಳಗೆ. ರೆಸಾರ್ಟಿಗೆ ಬಂದವರೆಲ್ಲ ಪ್ಯಾಕೆಟ್ ಹಾಲು ತಂದು ಸುರಿದರು, ವೀಡಿಯೋ ಮಾಡಿದರು. ಉಮೇಶ ಹುತ್ತದ ಸುತ್ತ ಟೈಲ್ಸ್ ಹಾಕಿಸಿ ಮಂಟಪ ಕಟ್ಟಿಸಿ ಬಣ್ಣದ ದೀಪ ಬಿಟ್ಟ.

ಇತ್ತ ನಮ್ಮ ಅಂಗನವಾಡಿಯ ಹಿಂದೆ, ಏರಿಯ ಬುಡದಲ್ಲಿ, ಒಂದು ಜಾಗ ಯಾವಾಗಲೂ ಒದ್ದೆ ಇರತೊಡಗಿತು. ಮೊದಲು ಬರೀ ಪಸೆ. ಆಮೇಲೆ ಬೆರಳು ಗಾತ್ರದ ನೀರು. ಮಕ್ಕಳು ಅದರಲ್ಲಿ ಎಲೆ ತೇಲಿಬಿಟ್ಟು ಆಡುತ್ತಿದ್ದವು. ನೀರು ತಿಳಿಯಾಗಿತ್ತು, ನಾನೂ ಅದರ ಪಕ್ಕ ಒಂದು ನುಗ್ಗೆ ಕೊಂಬೆ ನೆಟ್ಟೆ. ಮಳೆ ಬಿಡುವು ಕೊಟ್ಟ ಒಂದು ವಾರ ಅಂಗಳವೆಲ್ಲ ಒಣಗಿತು, ಆ ಜಾಗ ಒಣಗಲಿಲ್ಲ. ಒಂದು ಬೆಳಿಗ್ಗೆ ನಾನು ಮಕ್ಕಳಿಗೆ ಮೊಟ್ಟೆ ಸುಲಿದು ಕೊಡುತ್ತಿದ್ದಾಗ ಸಹಾಯಕಿ ಭಾಗ್ಯ ಹಿಂದಿನಿಂದ ಕೂಗಿದಳು.

"ಅಕ್ಕಾ, ಬನ್ನಿ ಇಲ್ಲಿ. ನೀರು ಕೆಂಪಗೆ ಬರ್ತಾ ಐತೆ!"

ಹೋಗಿ ನೋಡಿದೆ. ಒಳಗಿನಿಂದ ಯಾರೋ ಮಣ್ಣು ಕಲೆಸಿ ಕಲೆಸಿ ಹೊರಗೆ ಹಾಕುತ್ತಿರುವ ಹಾಗೆ ನೀರು ಬರುತ್ತಿತ್ತು. ನನ್ನ ನುಗ್ಗೆ ಗಿಡದ ಬುಡದಲ್ಲಿ ನುಣ್ಣನೆಯ ಕೆಂಪು ರಾಡಿ ಗುಡ್ಡೆಯಾಗಿತ್ತು.

ಅದೇ ವಾರ ಉಮೇಶ ಏರಿಯ ಮೇಲೆ ಕಾಟೇಜು ಕಟ್ಟಬಹುದೇ ಎಂದು ಕೇಳಲು ಬೆಂಗಳೂರಿನಿಂದ ಒಬ್ಬ ಇಂಜಿನಿಯರ್ ಹುಡುಗಿಯನ್ನು ಕರೆಸಿದ್ದ. ಆಕೆ ಏರಿ ಸುತ್ತುತ್ತ ಕೆಳಗಿಳಿದು ಬಂದವಳು ನಮ್ಮ ಅಂಗನವಾಡಿ ಹಿತ್ತಲಿನ ಆ ನೀರಿನ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಅಂಗೈಯಲ್ಲಿ ಹಿಡಿದು ನೋಡಿದಳು. ಮೇಲೆ ಹೋಗಿ ಹುತ್ತದ ಬಾಯಿಗೆ ಒಂದು ಬಕೆಟ್ ನೀರು ಸುರಿಸಿದಳು. ಅದೂ ಗಟಗಟ ಹೋಯಿತು. ನಾಗಪ್ಪನಿಗೆ ಹಾಲೂ ಒಂದೇ ನೀರೂ ಒಂದೇ ಎಂದು ನನಗೆ ಆವತ್ತು ಗೊತ್ತಾಯಿತು.

ಆಕೆ ನನ್ನೆದುರಿಗೇ ಉಮೇಶನಿಗೆ ಹೇಳಿದಳು. "ಕಾಟೇಜು ಮಾತು ಬಿಡಿ ಸರ್. ಏರಿ ಒಳಗೆ ಪೊಳ್ಳಾಗಿದೆ, ಮಣ್ಣು ಕೊಚ್ಕೊಂಡು ಹೋಗ್ತಿದೆ. ಮೊದಲು ಕೋಡಿ ಗೋಡೆ ತೆಗೀರಿ. ಒಂದೇ ಸಲ ಬೇಡ, ಒಂದೊಂದೇ ಸಾಲು ಇಳಿಸ್ತಾ ಬನ್ನಿ. ನೀರು ತಗ್ಗಿದ್ಮೇಲೆ ಈ ಹುತ್ತ ಅಗೆದು ಜೇಡಿಮಣ್ಣು ಹಾಕಿ ಕುಟ್ಟಿ ದಮ್ಮಸು ಮಾಡ್ಬೇಕು. ದೊಡ್ಡ ಮಳೆ ಬಂದ್ರೆ ಇದು ನಿಲ್ಲಲ್ಲ."

ಉಮೇಶ ನಕ್ಕ. ಆಕೆಯ ಕಾರು ಹೋದ ಮೇಲೆ ನನ್ನ ಕಡೆ ತಿರುಗಿದ.

"ಅತ್ತಿಗೆ, ಹುತ್ತ ಅಗೀಬೇಕಂತೆ! ಊರೋರು ನನ್ನ ಬಿಡ್ತಾರಾ? ಜನರ ಭಾವನೆ ಅಲ್ವಾ?"

"ಹುತ್ತಕ್ಕೆ ಭಾವನೆ ಸರಿ ಕಣಪ್ಪ. ಕೋಡಿ ಗೋಡೆಗೆ ಯಾರ ಭಾವನೆ?"

"ಗೋಡೆ ತೆಗೆದ್ರೆ ದೋಣಿ ನಿಂತೋಗುತ್ತೆ. ಶ್ರಾವಣದಲ್ಲಿ ಪೂರ್ತಿ ಬುಕಿಂಗ್ ಇದೆ. ಮಳೆಗಾಲ ಕಳೀಲಿ, ನೋಡಣ."

"ಮಳೆಗಾಲ ಕಳೆದ್ಮೇಲೆ ನೋಡೋಕೆ ನಾವಿರ್ಬೇಕಲ್ಲ ಉಮೇಶ?"

"ನೀವು ಸುಮ್ನೆ ಹೆದರ್ಕೊಂಡ್ಬಿಟ್ಟಿದೀರ ಅತ್ತಿಗೆ. ನಮ್ಮ ತಾತ ಕಟ್ಟಿದ್ದು ಅದು."

ತಾತ ಕಟ್ಟಿದ್ದು ಎಮ್ಮೆಗೆ, ಬಾತುಕೋಳಿಗಲ್ಲ. ಆ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು, ಆಡಿಯೇಬಿಟ್ಟೆ. ಅವನ ಮುಖ ಸಣ್ಣದಾಯಿತು. ಅವತ್ತಿನಿಂದ ಗೇಟಿನಲ್ಲಿ ನನ್ನನ್ನು ಬಿಡಬಾರದೆಂದು ಹೇಳಿಸಿದ.

ಪಂಚಾಯ್ತಿ ಮೆಂಬರ್ ಹತ್ತಿರ ಹೋದೆ. ಸ್ವಂತ ಜಮೀನಿನ ವಿಷಯ ಜಯಕ್ಕ, ಅಣ್ಣತಮ್ಮಂದಿರೇ ಕೂತು ಮಾತಾಡ್ಕೊಳ್ಳಿ ಎಂದ. ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಗೋದಾಮಿನ ಕೆಲಸ ಮುಗಿಸಿ ಬಂದು ಮುದ್ದೆ ಮುರಿಯುತ್ತಿದ್ದವರು ತಲೆ ಎತ್ತಲಿಲ್ಲ.

"ನಮ್ಮ ಉಮೇಶ ಕಣೆ. ಮನೆ ಹುಡುಗ. ನಾಳೆ ಮದುವೆ ಮುಂಜಿಗೆ ಮುಖ ನೋಡ್ಬೇಕು."

"ಏರಿ ಒಡೆದ್ರೆ ಯಾರ ಮುಖ ನೋಡ್ತೀರ್ರೀ?" ಎಂದೆ. ಅವರು ಸಾರು ಕೇಳಿದರು, ನಾನು ಬಡಿಸಲಿಲ್ಲ.

ಮರುದಿನ ಅಂಗನವಾಡಿಗೆ ಬೀಗ ಹಾಕಿ ಮಕ್ಕಳನ್ನೆಲ್ಲ ಮೇಲಿನ ಬೀದಿಯ ಪುಟ್ಟಮ್ಮಜ್ಜಿಯ ಜಗಲಿಗೆ ಕರೆತಂದೆ. ಪುಟ್ಟಮ್ಮಜ್ಜಿ ಪಾಳ್ಯಕ್ಕೇ ಹಿರಿಯಳು. ಪಂಚಮಿ ದಿನ ಹುತ್ತಕ್ಕೆ ಮೊದಲ ತನಿ ಅವಳದೇ. ಹಗಲು ಮಕ್ಕಳೇನೋ ಜಗಲಿಯ ಮೇಲೆ ಸುರಕ್ಷಿತ. ಸಂಜೆ ಆದ ಕೂಡಲೇ ಅದೇ ಮಕ್ಕಳು ಏರಿಯ ಬುಡದ ತಗ್ಗಿನ ಸಾಲಿಗೆ ಮಲಗಲು ಹೋಗುತ್ತಿದ್ದವು. ನಾನು ಹೇಳಿಕೊಟ್ಟ ಹಾಡನ್ನೇ ಹಾಡಿಕೊಂಡು ಇಳಿಜಾರಿನಲ್ಲಿ ಓಡುವ ಅವುಗಳ ತಲೆಗಳನ್ನು ನಾನು ಜಗಲಿಯ ಮೇಲಿಂದ ಎಣಿಸುತ್ತಿದ್ದೆ. ಮನೆ ಬಿಟ್ಟು ಬನ್ನಿ ಎಂದರೆ ಅವರಾದರೂ ಎಲ್ಲಿಗೆ ಬಂದಾರು? ನೀರಿದ್ದವನು ನೀರು ಇಳಿಸಬೇಕೋ, ಮನೆಯಿದ್ದವರು ಮನೆ ಬಿಡಬೇಕೋ?

ಒಂದು ದಿನ ಭಾಗ್ಯ ಗಂಜಿ ಕಾಯಿಸುತ್ತಿದ್ದಳು, ನಾನು ಪುಟ್ಟಮ್ಮಜ್ಜಿಗೆ ಎಲ್ಲ ಬಿಡಿಸಿ ಹೇಳಿದೆ. ಅಜ್ಜಿ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು.

"ಹುತ್ತ ಮುಟ್ಟಿದ್ರೆ ವಂಶ ಉಳಿಯಾಕಿಲ್ಲ ಕಣೆ ಜಯ."

"ಹುತ್ತ ಮುಟ್ಟು ಅಂತ ನಾನೆಲ್ಲಂದೆ ಅಜ್ಜಿ? ನಾಗಪ್ಪನ ಮನೆಗೆ ಹಿಂದ್ಗಡೆಯಿಂದ ನೀರು ನುಗ್ತಾ ಐತೆ. ಹಾಲು ಕುಡೀತಾ ಇಲ್ಲ ಅವನು, ಮುಳುಗ್ತಾ ಅವನೆ. ನಿಮ್ಮನೆಗೆ ನೀರು ನುಗ್ಗಿದ್ರೆ ಸುಮ್ನಿರ್ತೀರಾ? ಕೋಡಿ ಗೋಡೆ ಒಡೆದು ನೀರಿಳಿಸಾಣ."

"ಒಳೀಕೆ ಬಿಡಬೇಕಲ್ಲ ಅವ್ನು?"

"ಪಂಚಮಿ ದಿನ ಬಿಡ್ಲೇಬೇಕು. ತನಿ ಎರೆಯೋ ಹೆಂಗಸರನ್ನ ತಡೆದು ಅವ್ನು ಊರಲ್ಲಿ ಬಾಳ್ತಾನಾ?"

ಅಜ್ಜಿ ಕುಟ್ಟಾಣಿಯನ್ನು ಪಕ್ಕಕ್ಕಿಟ್ಟಳು. ಅವಳ ಮೊಮ್ಮಗಳ ಮನೆ ತಗ್ಗಿನ ಸಾಲಿನಲ್ಲೇ ಇತ್ತು. ಆ ಮೊಮ್ಮಗಳ ಮಗು ಆಗ ಅಜ್ಜಿಯ ಸೆರಗು ಹಿಡಿದು ಗಂಜಿಗೆ ಕಾಯುತ್ತಿತ್ತು.

"ಪಂಚಮಿ ದಿನ ಹಾರೆ ಗುದ್ದಲಿ ಮುಟ್ಟಬಾರದು ಕಣೆ," ಎಂದಳು ಕೊನೆಗೆ. "ಆವತ್ತು ಭೂಮಿ ಅಗೆದ್ರೆ ನಾಗಪ್ಪನ ಹೆಡೆಗೆ ತಾಕ್ತದೆ. ನಮ್ಮೋರು ಹೊಲಕ್ಕೆ ನೇಗಿಲು ಸೈತ ಇಳ್ಸಾಕಿಲ್ಲ."

ಅದು ನಿಜ. ಚಿಕ್ಕಂದಿನಿಂದ ನಾನೂ ಪಾಲಿಸಿಕೊಂಡು ಬಂದದ್ದೇ. ಉತ್ತರಕ್ಕೆ ತಡಕಾಡಿದೆ. ಸಿಕ್ಕಿತು.

"ಮಣ್ಣು ಅಗೀಬಾರದು ಅಜ್ಜಿ. ಉಮೇಶ ಕಟ್ಟಿರೋದು ಸಿಮೆಂಟು."

ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿದಳು. ಹಲ್ಲಿಲ್ಲದ ಬಾಯಲ್ಲಿ ನಗು ಮೆಲ್ಲಗೆ ಬಂತು.

"ಹೌದಲ್ಲೇನೆ. ಸಿಮೆಂಟ್‌ನಾಗೆ ನಾಗಪ್ಪ ಎಲ್ಲಿರ್ತಾನೆ?"

ಅಷ್ಟು ಸಾಕಾಯಿತು. ಅಜ್ಜಿಯ ಬಾಯಿಂದ ಬಂದ ಮೇಲೆ ರೆಸಾರ್ಟಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರೂ ಒಬ್ಬೊಬ್ಬರಾಗಿ ತಲೆಯಾಡಿಸಿದರು. ಕೆಲಸ ಹೋದರೆ ಎಂದು ಒಬ್ಬಳು ಅಂದದ್ದಕ್ಕೆ ಭಾಗ್ಯ, "ಮನೇನೇ ಹೋದ್ರೆ ಯಾವ ಮನೆಯಿಂದ ಕೆಲಸಕ್ಕೆ ಹೋಗ್ತೀಯೆ?" ಎಂದಳು.

ಪಂಚಮಿ ಬೆಳಿಗ್ಗೆ ಮೋಡ ಕಪ್ಪಗೆ ಕಟ್ಟಿತ್ತು. ಹಿಂದಿನ ದಿನವಿಡೀ ಮಳೆ ಸುರಿದು ನೀರು ಕೋಡಿ ಗೋಡೆಯ ತಲೆ ಮುಟ್ಟಿ ನಿಂತಿತ್ತು. ಹಾರೆಗಳನ್ನು ಬಾಳೆಎಲೆಯಲ್ಲಿ ಸುತ್ತಿ ಬುಟ್ಟಿಗಳ ಮೇಲೆ ಅಡ್ಡ ಇಟ್ಟುಕೊಂಡಿದ್ದೆವು. ಗೇಟಿನವನು ಬಾಳೆಕಂಬ ಎಂದುಕೊಂಡಿರಬೇಕು, ಹೆಂಗಸರ ಗುಂಪಿನಲ್ಲಿ ನನ್ನ ಮುಖವನ್ನೂ ಗಮನಿಸಲಿಲ್ಲ. ನಮ್ಮ ಯಜಮಾನರು ಮಾತ್ರ ನಾನು ಹೇಳದೇ ಎದ್ದು ಹೋಗಿದ್ದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ, "ಕೋಡಿ ಹಳ್ಳದಾಗೆ ದನ ಮೇಯ್ತಾ ಇರ್ತಾವೆ, ಹೊಡ್ಕೊಂಡ್ ಬರ್ತೀನಿ. ನೀವು ನೀರು ಬಿಟ್ಟಾಗ ಯಾರೂ ಅಲ್ಲಿರಬಾರದು," ಎಂದಿದ್ದರು. ಆ ಗಂಡಸಿನ ಮೇಲೆ ನನಗೆ ಬಂದ ಪ್ರೀತಿಯನ್ನು ಆಗ ತೋರಿಸಲು ಸಮಯವಿರಲಿಲ್ಲ.

ಹುತ್ತದ ಹತ್ತಿರ ಹೋಗದೆ ನೇರ ಕೋಡಿಗೆ ನಡೆದೆವು. ಪುಟ್ಟಮ್ಮಜ್ಜಿ ಹಾರೆಗಳಿಗೆ ಅರಿಶಿನ ಕುಂಕುಮ ಹಚ್ಚಿದಳು. ಮೊದಲ ಏಟು ನನ್ನದು. ನೀಲಿ ಗೋಡೆಯ ಮೇಲೆ ಒಂದು ಮೀನಿನ ಕಣ್ಣಿಗೇ ಬಿತ್ತು. ಸಿಮೆಂಟ್ ಇಟ್ಟಿಗೆ ಹೊರಗಿನಿಂದ ನೋಡಲು ಜಬರ್ದಸ್ತು, ಒಳಗೆ ಪೊಳ್ಳು. ಮೇಲಿನ ಸಾಲು ಬೇಗನೆ ಬಿತ್ತು. ಇಂಜಿನಿಯರ್ ಹುಡುಗಿ ಹೇಳಿದಂತೆ ಅಲ್ಲಿಗೆ ನಿಲ್ಲಿಸಿದೆವು. ನೀರು ತೆಳ್ಳಗೆ ಹಾಳೆಯಂತೆ ಬಂಡೆಯ ಮೇಲೆ ಇಳಿದು ತೆಂಗಿನ ತೋಟದ ಹಿಂದಿನ ಹಳ್ಳಕ್ಕೆ ಹರಿಯಿತು. ಅದರ ರಭಸ ತಗ್ಗಿದ ಮೇಲೆ ಎರಡನೇ ಸಾಲಿಗೆ ಕೈ ಹಾಕಿದೆವು.

ಸದ್ದು ಕೇಳಿ ಉಮೇಶ ಓಡಿ ಬಂದ. ಅವನ ಹಿಂದೆ ತಿಂಡಿ ತಟ್ಟೆ ಹಿಡಿದುಕೊಂಡೇ ಬಂದ ಬೆಂಗಳೂರಿನವರು. ಅವರಿಗೆ ಇದೂ ಹಬ್ಬದ ಒಂದು ಆಚರಣೆ ಅನ್ನಿಸಿರಬೇಕು, ಫೋನು ಹಿಡಿದು ವೀಡಿಯೋ ಮಾಡತೊಡಗಿದರು. ಅವರೆದುರು ಉಮೇಶ ಕಿರುಚುವಂತಿರಲಿಲ್ಲ, ಹಲ್ಲು ಕಚ್ಚಿಕೊಂಡು ಮಾತಾಡಿದ.

"ಅತ್ತಿಗೆ, ಇದು ನನ್ನ ಆಸ್ತಿ. ಪೊಲೀಸ್ ಕರೆಸ್ತೀನಿ."

"ಕರೆಸಪ್ಪ. ಆಸ್ತಿ ನಿಂದೇ. ಇದರ ಕೆಳಗಿರೋ ಮಕ್ಕಳು ನಮ್ಮವು. ಪೊಲೀಸ್ನೋರು ಬಂದ್ರೆ ಮೊದಲು ನನ್ನ ಹಿತ್ತಲಿಗೆ ಕರ್ಕೊಂಡೋಗಿ ಆ ಕೆಂಪು ನೀರು ತೋರಿಸ್ತೀನಿ."

"ಹಬ್ಬದ ದಿನ ಹಾರೆ ಹಿಡಿದಿದೀರಲ್ಲ, ನಾಚಿಕೆ ಆಗಲ್ವಾ? ನಾಗಪ್ಪನ ದೋಷ ಬರುತ್ತೆ!"

ಆಗ ಪುಟ್ಟಮ್ಮಜ್ಜಿ ಕೋಲೂರಿ ಎದ್ದಳು. "ನಾಗಪ್ಪನ ಮನೆಗೆ ನೀರು ಬಿಟ್ಟೋನು ನೀನು. ದೋಷ ಯಾರಿಗೆ ಬತ್ತದೆ ಅಂತ ಅವ್ನೇ ತೀರ್ಮಾನ ಮಾಡ್ತಾನೆ. ಅತ್ಲಾಗಿರು," ಎಂದಳು. ಉಮೇಶ ಹುಟ್ಟಿದಾಗ ನೀರೆರೆದು ಬೆಳೆಸಿದವಳು ಅವಳು. ಅವನು ಅತ್ಲಾಗಿ ನಿಂತ. ಪೊಲೀಸರನ್ನು ಕರೆಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗೋಡೆ ಪೂರ್ತಿ ಹೋಗಿ ತಾತನ ಕಾಲದ ಕೋಡಿಯ ಕಲ್ಲು ಕಂಡಿತು. ಕೈಯೆಲ್ಲ ಬೊಬ್ಬೆ. ಆಮೇಲೆ ಹುತ್ತಕ್ಕೆ ಹೋಗಿ ತನಿ ಎರೆದೆವು. ನಾನೂ ಎರೆದೆ, ಮನಸ್ಸಿಟ್ಟೇ ಎರೆದೆ.

ಶ್ರಾವಣ ಮುಗಿಯುವ ಮುಂಚೆ ಇನ್ನೊಂದು ದೊಡ್ಡ ಮಳೆ ಬಂತು, ಹಳ್ಳಗಳೆಲ್ಲ ಮೈದುಂಬಿದ ಮಳೆ. ಕಟ್ಟೆಗೆ ಬಂದ ನೀರು ಬಂದ ಹಾಗೇ ಕೋಡಿಯಲ್ಲಿ ಹೋಯಿತು. ಮರುದಿನ ಬೆಳಿಗ್ಗೆ ನೋಡಿದರೆ ಹುತ್ತವಿದ್ದ ಜಾಗದಲ್ಲಿ ಹುತ್ತವಿಲ್ಲ, ಮಂಟಪವಿಲ್ಲ, ಟೈಲ್ಸೂ ಇಲ್ಲ. ಬಾವಿಯಷ್ಟು ಅಗಲದ ಗುಂಡಿ. ಏರಿಯ ಮೇಲ್ಭಾಗ ತನ್ನೊಳಗಿನ ಪೊಳ್ಳಿಗೆ ತಾನೇ ಕುಸಿದಿತ್ತು. ನೀರಿನ ಮಟ್ಟ ಆ ಗುಂಡಿಯ ತಳಕ್ಕಿಂತಲೂ ಕೆಳಗಿತ್ತು. ನನ್ನ ಅಂಗನವಾಡಿಯ ಹಿತ್ತಲಲ್ಲಿ ಒಂದಿಷ್ಟು ರಾಡಿ ಬಂದು ನುಗ್ಗೆ ಗಿಡ ವಾಲಿತ್ತು. ಅಷ್ಟೇ. ಗೋಡೆ ಇದ್ದಿದ್ದರೆ ಕಟ್ಟೆಯ ನೀರೆಲ್ಲ ಆ ಗುಂಡಿಯಲ್ಲೇ ನುಗ್ಗಿ ತಗ್ಗಿನ ಸಾಲಿಗೆ ಬರುತ್ತಿತ್ತು. ತಗ್ಗಿನ ಸಾಲಿನ ತಾಯಂದಿರು ಗುಂಡಿಯ ಪಕ್ಕ ನಿಂತು ಮಕ್ಕಳನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡಿದ್ದರು. ನಾನು ಅವತ್ತು ಜೋರಾಗಿ ಅತ್ತೆ.

ಸಂಜೆ ಉಮೇಶ ಮನೆಗೆ ಬಂದ. ತಪ್ಪಾಯಿತು ಎನ್ನುವ ಜಾಯಮಾನ ಅವರ ಮನೆತನದಲ್ಲೇ ಇಲ್ಲ. ಕಾಫಿ ಲೋಟ ತಿರುಗಿಸುತ್ತಾ, "ನಾಗಪ್ಪ ಕಾಪಾಡ್ಬಿಟ್ಟ ಅತ್ತಿಗೆ," ಎಂದ.

"ಕಾಪಾಡಿದ, ಇಲ್ಲ ಅನ್ನಲ್ಲ. ಆದ್ರೆ ನಾಗಪ್ಪಂಗೆ ಕೈಯೆಲ್ಲಿದೆಯಪ್ಪ? ಹಾರೆ ಹಿಡಿದಿದ್ದು ನಾವು," ಎಂದೆ.

ಆಮೇಲೆ ಅದೇ ಇಂಜಿನಿಯರ್ ಹುಡುಗಿಯನ್ನು ಅವನೇ ಕರೆಸಿದ. ಆಕೆ ಆ ಭಾಗವನ್ನು ಬುಡದವರೆಗೆ ಬಗೆಸಿ, ಜೇಡಿಮಣ್ಣು ತುಂಬಿಸಿ, ಪದರ ಪದರವಾಗಿ ದಮ್ಮಸು ಮಾಡಿಸಿದಳು. ಹಳೇ ತೂಬನ್ನೂ ಹುಡುಕಿ ತೆರೆಸಿದಳು. ನಾಗಪ್ಪನಿಗೆ ಏರಿಯಾಚೆಯ ಗಟ್ಟಿನೆಲದಲ್ಲಿ ಅರಳಿಮರದ ಕೆಳಗೆ ಕಲ್ಲು ನೆಟ್ಟೆವು. ಹಿತ್ತಲಿನ ನೀರು ನಿಂತಿತು. ಮಕ್ಕಳು ಅಂಗನವಾಡಿಗೆ ವಾಪಸು ಬಂದವು.

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡರೆ ಉಮೇಶನನ್ನು ನೀವು ಅರಿತಿಲ್ಲ. ಮರುವರ್ಷ ಕೋಡಿಗೆ ಮರಳಿನ ಮೂಟೆ ಇಟ್ಟಿದ್ದ. ಆಚೆ ವರ್ಷ ಮರದ ಹಲಗೆ. ಬರೀ ಶನಿವಾರ ಭಾನುವಾರಕ್ಕೆ ಅತ್ತಿಗೆ, ಎಂದ. ಎರಡನ್ನೂ ಕಿತ್ತು ಹಳ್ಳಕ್ಕೆ ಎಸೆದೆವು. ಪುಟ್ಟಮ್ಮಜ್ಜಿ ಈಗಿಲ್ಲ. ಹೋಗುವ ಮುಂಚೆ ಮೊದಲ ತನಿಯ ಹಕ್ಕನ್ನು ಭಾಗ್ಯಳಿಗೆ ಕೊಟ್ಟು, ಹಾರೆಯನ್ನು ನನಗೆ ಕೊಟ್ಟಳು. ಅವಳ ಮನೆಯದೇ ಹಾರೆ. ಅದಕ್ಕೆ ಪ್ರತಿ ಪಂಚಮಿಗೂ ಅರಿಶಿನ ಕುಂಕುಮ ಹಚ್ಚುತ್ತೇನೆ.

ಗೇಟಿನವನು ಇನ್ನೂ ಕೈ ಅಡ್ಡ ಹಿಡಿದೇ ನಿಂತಿದ್ದ. "ಹಾರೆ ಯಾಕೆ ಅಂತ ಕೇಳ್ದೆ ಕಣಮ್ಮ," ಎಂದ.

"ಪೂಜೆ ಸಾಮಾನು ಕಣಪ್ಪ," ಎಂದೆ.

ಹಾರೆಯ ತುದಿಯ ಕುಂಕುಮ ನೋಡಿದ. ಮುಂದೆ ಹೋಗಿದ್ದ ಹೆಂಗಸರೆಲ್ಲ ನಿಂತು ಹಿಂತಿರುಗಿ ಅವನನ್ನೇ ನೋಡುತ್ತಿದ್ದರು, ಅವರನ್ನೂ ನೋಡಿದ. ಗೇಟು ತೆರೆದ. ನಾವು ಮೊದಲು ಕೋಡಿಗೆ ಹೋದೆವು. ಹಾಲು ಆಮೇಲೆ.